ಅರ್ಮಾಸ್ ಎಳೆದ ಗೆರೆ

ಹಿಮದ ಮೇಲೆ ಬೀಜ ಬಿತ್ತುವವಳನ್ನು ಕಂಡು ಫಿನ್ಲೆಂಡಿನ ಆ ಊರು ನಗದೆ ಇನ್ನೇನು ಮಾಡೀತು? ಹೋದ ವರ್ಷದ ಏಪ್ರಿಲ್‌ನಲ್ಲಿ ಹಸು ಸಾಕುವ ಕೆರ್ತು, ಕೆಂಪು ಕ್ಲೋವರ್ ಎಂಬ ಮೇವಿನ ಸೊಪ್ಪಿನ ಬೀಜದ ಬುಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ರಾತ್ರಿಯ ಚಳಿಗೆ ಕಲ್ಲಾಗಿದ್ದ ಹಿಮದ ಮೇಲೆ ಬೆಳ್ಳಂಬೆಳಗ್ಗೆ ನಡೆದಾಡಿದ್ದಳು. ಹಿಮ ಕರಗಿದಂತೆ ಬೀಜ ಕೆಳಗಿಳಿದು, ಅಲ್ಲಿದ್ದ ತಿಮೋತಿ ಹುಲ್ಲಿನ ಸಂದಿಯಲ್ಲಿ ಬೇರೂರುತ್ತದೆ ಎಂಬುದು ಅವಳ ಲೆಕ್ಕ.

ಹೊಲ ಅವಳದ್ದಲ್ಲ, ನೆರೆಮನೆಯ ಮುದುಕ ಅರ್ಮಾಸನದು. ಅವಳ ಗುತ್ತಿಗೆ ಈ ವರ್ಷದ ಬೇಸಿಗೆಗೆ ಮುಗಿಯುತ್ತಿತ್ತು. ಪಕ್ಕದೂರಿನ ದೊಡ್ಡ ಡೈರಿಯ ಹನ್ನು ಅದರ ಮೇಲೆ ಕಣ್ಣಿಟ್ಟಿದ್ದ. ಈ ಹೊಲ ಕೈತಪ್ಪಿದರೆ ಚಳಿಗಾಲದ ಮೇವಿಲ್ಲದೆ ಅರ್ಧ ಹಸುಗಳನ್ನು ಮಾರಬೇಕು. ಒಂದೊಂದು ಹಸುವಿಗೂ ಹೆಸರಿಟ್ಟು ಸಾಕಿದವಳು ಅವಳು.

"ಗೊಬ್ಬರದ ಚೀಲ ಬೇಡ್ವೇನೆ ನಿಂಗೆ?" ಎಂದು ಅರ್ಮಾಸ್ ಅಂದೇ ಕೆಣಕಿದ್ದ.

"ಕ್ಲೋವರ್ ತನ್ನ ಗೊಬ್ಬರ ತಾನೇ ಬೇರಲ್ಲಿ ಮಾಡ್ಕೊಳುತ್ತೆ, ಯಜಮಾನ್ರೆ. ಪಕ್ಕದ ಹುಲ್ಲಿಗೂ ಕೊಡುತ್ತೆ."

"ಹೂಂ, ಹಾಲನ್ನೂ ಅದೇ ಕರೆದು ಕೊಡುತ್ತೋ ಏನೋ."

ಈ ವರ್ಷ ಮೇ ತಿಂಗಳಲ್ಲಿ ಅವಳ ಗಂಡ ಸೆಪ್ಪೊನ ಸೊಂಟದ ಆಪರೇಷನ್‌ಗೆಂದು ಇಬ್ಬರೂ ಊಲು ಪಟ್ಟಣಕ್ಕೆ ಹೋಗಿದ್ದರು. ಹಸುಗಳನ್ನು ಬದಲಿ ಆಳು ನೋಡಿಕೊಂಡ. ಹಿಂತಿರುಗಿ ಬಂದು ನೋಡಿದರೆ ಹೊಲದಲ್ಲಿ ಟ್ರ್ಯಾಕ್ಟರ್ ಗಾಲಿಯ ಗುರುತು, ಮಣ್ಣಿನ ಮೇಲೆ ಯೂರಿಯಾದಂಥ ಬಿಳಿ ಕಾಳು. ಅರ್ಧ ಹೊಲದಲ್ಲಿ ಚೀಲ ಮುಗಿದಿರಬೇಕು, ಅಲ್ಲಿಗೇ ನಿಂತಿತ್ತು. ಆ ಗುರುತು ಅರ್ಮಾಸನ ಹಳೆಯ ಟ್ರ್ಯಾಕ್ಟರಿನದೆಂದು ಯಾರನ್ನೂ ಕೇಳುವ ಅಗತ್ಯವೇ ಇರಲಿಲ್ಲ.

ಆ ಕಾಯಿನೂ ಸೀಮೆಯ ಜನ ಹೀಗೆಯೇ. ಕಷ್ಟದಲ್ಲಿರುವವರ ಬಳಿ ಬಂದು 'ಪಾಪ' ಅನ್ನಲು ಅವರಿಗೆ ನಾಲಿಗೆ ಏಳದು. ಕದ್ದುಮುಚ್ಚಿ ಬಂದು ಕೆಲಸ ಮಾಡಿ ಹೋಗುತ್ತಾರೆ. ಯಾರು ಮಾಡಿದರೆಂದು ಬಾಯಿಬಿಟ್ಟು ಕೇಳುವುದೂ ಅಲ್ಲಿ ಮರ್ಯಾದೆಯಲ್ಲ. ಕೆರ್ತು ಹೊಲದ ಬದುವಿನಲ್ಲಿ ಕುಳಿತು ತಲೆ ಚಚ್ಚಿಕೊಂಡಳು. ಗೊಬ್ಬರ ಬಿದ್ದಲ್ಲಿ ಹುಲ್ಲು ಕೊಬ್ಬಿ ಕ್ಲೋವರನ್ನು ಅಮುಕಿಬಿಡುತ್ತದೆ. ಬೈಯೋಣವೆಂದರೆ ಮಾಡಿದ್ದು ಉಪಕಾರ.

ಜೂನ್ ಕೊಯ್ಲಿನಲ್ಲಿ ಗೊಬ್ಬರದ ಕಡೆಯ ಹುಲ್ಲು ಎದೆಯುದ್ದ ನಿಂತಿತ್ತು. ಅರ್ಮಾಸ್ ಏನೂ ಗೊತ್ತಿಲ್ಲದವನಂತೆ ಬೇಲಿಗೊರಗಿ, "ಆ ಕಡೆ ಚೆನ್ನಾಗಿ ಬಂದಿದೆಯಲ್ಲ" ಎಂದ. "ಬಂದಿದೆ" ಎಂದಳು ಕೆರ್ತು, ಹಲ್ಲು ಕಚ್ಚಿಕೊಂಡು.

ಆಮೇಲೆ ಮಳೆ ಕೈಕೊಟ್ಟಿತು. ಜುಲೈ ಪೂರ್ತಿ ಆಕಾಶ ಒಂದು ಹನಿಯನ್ನೂ ಉದುರಿಸಲಿಲ್ಲ. ಕ್ಲೋವರ್ ಮೊದಲೇ ಅಮುಕಿಹೋಗಿದ್ದ ಗೊಬ್ಬರದ ಅರ್ಧ, ಕೊಯ್ದ ತಿಮೋತಿಯೂ ಮತ್ತೆ ಚಿಗುರದೆ ಬೋಳಾಯಿತು. ಇನ್ನರ್ಧದಲ್ಲಿ ಆಳಕ್ಕೆ ಬೇರು ಬಿಟ್ಟಿದ್ದ ಕ್ಲೋವರ್ ಮಂಡಿಯುದ್ದ ಎದ್ದು ಕೆಂಪಗೆ ಹೂಬಿಟ್ಟಿತು, ಅದರ ನಡುನಡುವೆ ತಿಮೋತಿಯೂ ಹಸಿರಾಗಿ ನಿಂತಿತ್ತು. ನಡುವಿನ ಗೆರೆ ರಸ್ತೆಯಲ್ಲಿ ಹೋಗುವವರಿಗೂ ಎದ್ದು ಕಾಣುತ್ತಿತ್ತು.

ಆಗಸ್ಟ್‌ನಲ್ಲಿ ಹನ್ನು ಹೊಲ ನೋಡಲು ಬಂದ. ಅರ್ಮಾಸ್ ಕೆರ್ತುವನ್ನೂ ಕರೆಸಿದ್ದ. ಹನ್ನು ಕಾರಿನಿಂದ ಇಳಿದವನೇ ಬೋಳು ಕಡೆಗೆ ಕೈತೋರಿಸಿದ.

"ಹಿಮದ ಮೇಲೆ ಬಿತ್ತಿದ್ರೆ ಇನ್ನೇನಾಗುತ್ತೆ? ಆ ಕಡೆ ಏನೋ ಅದೃಷ್ಟಕ್ಕೆ ಬಂದಿದೆ. ಒಳ್ಳೆ ಭೂಮೀನ ಅರ್ಧ ಹಾಳು ಮಾಡಿದ್ದೀಯಲ್ಲ, ಕೆರ್ತು."

ಗೊಬ್ಬರ ಚೆಲ್ಲಿದ್ದು ಯಾರೆಂಬ ಒಂದೇ ಮಾತು ಸಾಕಿತ್ತು. ಅದು ಕೆರ್ತುವಿನ ನಾಲಿಗೆಯ ತುದಿಗೂ ಬಂದಿತ್ತು. ಪಕ್ಕದಲ್ಲಿ ಅರ್ಮಾಸ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅರವತ್ತು ವರ್ಷ ಬೇಸಾಯ ಮಾಡಿದ ಮನುಷ್ಯನನ್ನು ಈ ಹನ್ನುವಿನ ಮುಂದೆ ಹೇಗೆ ಬಿಟ್ಟುಕೊಡುವುದು? ಅವಳು ಹೊಲ ಹೋದರೆ ಹೋಗಲಿ ಎಂದು ಗಟ್ಟಿಮನಸ್ಸು ಮಾಡಿದಳು. ಕಣ್ಣಲ್ಲಿ ನೀರು ತುಂಬಿದ್ದು ಕಾಣದಿರಲೆಂದು ಬಗ್ಗಿ ಬೂಟಿನ ಮಣ್ಣು ಕೆರೆದಳು.

"ಏನೂ ಹೇಳೋದಿಲ್ವಾ?" ಎಂದ ಹನ್ನು.

"ಇಲ್ಲ."

ಅರ್ಮಾಸ್ ಗಂಟಲು ಸರಿಮಾಡಿಕೊಂಡ. "ಅವಳು ಹೇಳೋದಿಲ್ಲ. ನಾನು ಹೇಳ್ತೀನಿ. ಆ ಬೋಳು ನನ್ನ ಕೆಲಸ. ಗೊಬ್ಬರ ಚೆಲ್ಲಿದ್ದು ನಾನು, ಅವಳನ್ನ ಕೇಳದೆ. ಚೀಲ ಮುಗೀತಲ್ಲ, ಇನ್ನರ್ಧ ಉಳ್ಕೊಂಡಿದ್ದು ಅದಕ್ಕೇ."

ಹನ್ನು ಬೋಳು ಕಡೆಗೊಮ್ಮೆ, ಹಸಿರಿನ ಕಡೆಗೊಮ್ಮೆ ನೋಡಿದ.

ಅರ್ಮಾಸ್ ಹಸಿರಿನೊಳಕ್ಕೆ ಕಾಲಿಟ್ಟು ಒಂದು ಕ್ಲೋವರನ್ನು ಬೇರುಸಮೇತ ಕಿತ್ತ. ಬೇರಿಗಂಟಿದ ಗಂಟೊಂದನ್ನು ಉಗುರಿನಿಂದ ಒಡೆದ. ಒಳಗೆ ನಸುಗೆಂಪು.

"ನೋಡು, ಇವಳ ಗೊಬ್ಬರದ ಕಾರ್ಖಾನೆ ಇಲ್ಲಿದೆ. ಜುಲೈ ಪೂರ್ತಿ ದಿನಾ ಬಂದು ನೋಡಿದ್ದೀನಿ, ಹನ್ನು. ನಾಚ್ಕೆ ಆಗ್ತಿತ್ತು, ಆದ್ರೂ ಬರದೆ ಇರೋಕಾಗ್ತಿರಲಿಲ್ಲ."

ನಂತರ ಕೆರ್ತು ಕಡೆ ತಿರುಗಿದ. "ಗೊತ್ತಿತ್ತಲ್ವಾ ನಿಂಗೆ?"

"ಗೊತ್ತಿತ್ತು."

"ಬಾಯಿ ಬಿಡೋಕೇನಾಗಿತ್ತು?"

"ಚೆಲ್ಲುವಾಗ ನೀವು ಬಿಟ್ರಾ?"

ಮುದುಕ ಭುಜ ಕುಣಿಸುತ್ತ ನಕ್ಕ. ಅವನ ನಗುವೆಂದರೆ ಅಷ್ಟೇ. ಟೋಪಿ ತಲೆಗೇರಿಸಿ ಹನ್ನುವಿಗೆ, "ಕಾಫಿ ಕುಡಿದು ಹೋಗು. ಹೊಲದ ಮಾತು ಬೇಡ, ಇದು ಇವಳದು. ನಾನು ಸತ್ತ ಮೇಲೂ ಇವಳದೇ" ಎಂದ.

ಕೆರ್ತುವಿಗೆ ತನ್ನ ಬೆಳೆಯ ಹೆಮ್ಮೆ ಇದ್ದೇ ಇತ್ತು. ಮನೆಯ ಮೆಟ್ಟಿಲಲ್ಲಿ ಬೂಟು ಕಳಚುತ್ತಿದ್ದ ಆ ಮುದುಕನ ಬೆನ್ನು ನೋಡುವಾಗ ಇಂಥವನ ನೆರೆಯವಳು ತಾನು ಎಂಬ ಹೆಮ್ಮೆ ಅದಕ್ಕಿಂತ ದೊಡ್ಡದಾಗಿತ್ತು.