ಮೂವತ್ತರ ಸದ್ದು

ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೆ ಊಟ ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಅಲ್ಲಿ ಗಟ್ ಕಟ್ಟುವ ಯಂತ್ರ ಕೂತಿದೆ. ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತಿನ್ನುತ್ತೇವೆ. ಶಟಲ್ ರ‍್ಯಾಕೆಟ್ಟಿಗೆ ಗಟ್ ಎಂಬ ಜಾಲರಿ ದಾರ ಕಟ್ಟುವುದು ನನ್ನ ದೊಡ್ಡ ಮಗಳ ಕೆಲಸ, ಆಡುವುದು ಚಿಕ್ಕವಳ ಕೆಲಸ, ಇಬ್ಬರ ತಲೆ ತಿನ್ನುವುದು ಇವರ ಕೆಲಸ. ಇವರು ಅಂದರೆ ನನ್ನ ಗಂಡ, ಕ್ಲಬ್ಬಿನಲ್ಲಿ ಕೋಚು. ನನ್ನ ಪಾಲಿಗೆ ಬಂದದ್ದು ತುಂಡು ಗಟ್ ಗುಡಿಸುವುದು.

ಇವರಿಗೆ ಗೊತ್ತಿರುವುದು ಒಂದೇ ಅಂಕಿ, ಮೂವತ್ತು. ಗಟ್ಟನ್ನು ಮೂವತ್ತು ಪೌಂಡಿಗೆ ಎಳೆದು ಕಟ್ಟಬೇಕು. ಅದಕ್ಕಿಂತ ಸಡಿಲವಾದರೆ ಆಟವಲ್ಲ, ನೊಣ ಹೊಡೆಯುವ ಕೆಲಸ. ಯಂತ್ರದ ಮುಳ್ಳನ್ನು ಇವರು ನಂಬುವುದಿಲ್ಲ. ರ‍್ಯಾಕೆಟ್ಟನ್ನು ಕಿವಿಯ ಹತ್ತಿರ ಹಿಡಿದು, ಅಂಗೈಯ ಬುಡದಿಂದ ಗಟ್ಟಿಗೊಂದು ಪೆಟ್ಟು ಕೊಟ್ಟು, ಕಣ್ಣು ಮುಚ್ಚಿ ಕೇಳುತ್ತಾರೆ. ಸದ್ದು ಹಿಡಿಸದಿದ್ದರೆ ದೊಡ್ಡವಳು ಎಲ್ಲ ಕತ್ತರಿಸಿ ಮೊದಲಿಂದ ಕಟ್ಟಬೇಕು. ಅವಳ ಬೆರಳ ಸಂದಿಯಲ್ಲಿ ಗಟ್ ಕೊರೆದ ಗೆರೆಗಳು ಮಾಯುವುದೇ ಇಲ್ಲ. ಕನ್ನಡಕ ಹಾಕಿಕೊಂಡು ಮುಳ್ಳು ನೋಡಿ ಎಂದು ನಾನು ಒಮ್ಮೆ ಹೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಆ ಎರಡು ದಿನ ಮನೆ ತಣ್ಣಗಿತ್ತು.

ಚಿಕ್ಕವಳ ಭುಜ ನೋಯತೊಡಗಿದ್ದು ಆಯ್ಕೆ ಪಂದ್ಯ ಹತ್ತಿರ ಬಂದಾಗ. ಮೊದಲು ಮುಚ್ಚಿಟ್ಟಳು. ಒಂದು ಬೆಳಿಗ್ಗೆ ಬಾಚಣಿಗೆ ಹಿಡಿದು ಬಂದು ನನ್ನ ಮುಂದೆ ಕೂತು, "ಅಮ್ಮ, ಜಡೆ ಹಾಕು" ಎಂದಳು. ಬುದ್ಧಿ ಬಂದಾಗಿನಿಂದ ತನ್ನ ಕೂದಲಿಗೆ ನನ್ನ ಕೈ ಸೋಕಿಸಿಕೊಳ್ಳದ ಹುಡುಗಿ. ಅವತ್ತೇ ಇವರನ್ನೂ ಎಳೆದುಕೊಂಡು ಆಸ್ಪತ್ರೆಗೆ ಹೋದೆ.

"ಒಳಗಿನ ಸ್ನಾಯು ಅರ್ಧ ಹರಿದಿದೆ" ಎಂದರು ಮೂಳೆ ಡಾಕ್ಟರು. "ಇನ್ನರ್ಧ ಹರಿದ್ರೆ ಈ ಕೈ ತಲೆ ಮೇಲೆ ಏಳಲ್ಲ. ಆಟ ನಿಲ್ಲಿಸೋದು ಒಳ್ಳೇದು. ಆಗಲ್ಲ ಅಂದ್ರೆ ಗಟ್ಟಾದ್ರೂ ಸಡಿಲ ಮಾಡಿಸಿ. ಸಡಿಲ ಗಟ್ಟಲ್ಲಿ ಶಟಲ್ ತಾನೇ ಚಿಮ್ಮತ್ತೆ, ಭುಜಕ್ಕೆ ಅಷ್ಟು ಏಟು ಬೀಳಲ್ಲ."

ಇವರು ದಾರಿಯುದ್ದಕ್ಕೂ ಗೊಣಗಿದರು. "ಆ ಮನುಷ್ಯ ಯಾವತ್ತಾದ್ರೂ ಶಟಲ್ ಮುಟ್ಟಿದ್ದಾನಾ? ಗಟ್ ಸಡಿಲ ಆದ್ರೆ ಹುಡುಗಿ ಮನಸ್ಸೂ ಸಡಿಲ ಆಗತ್ತೆ."

"ಭುಜ ಅವಳದು ರೀ, ನಿಮ್ದಲ್ಲ" ಎಂದೆ.

"ಈ ಸಲ ಆಯ್ಕೆ ಆಗ್ಲಿಲ್ಲ ಅಂದ್ರೆ ವಯಸ್ಸು ಮೀರತ್ತೆ. ನಿಂಗೆ ಅದು ಅರ್ಥ ಆಗಲ್ಲ ಕಣೇ."

ಅರ್ಥವಾಗದೇ ಏನು. ಪ್ರಾಯದಲ್ಲಿ ಇವರನ್ನು ಇಂಥದ್ದೇ ಪಂದ್ಯದಲ್ಲಿ ಕೈಬಿಟ್ಟರು. ಆ ಪಂದ್ಯ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಉಪಾಯ ಹೂಡಿದ್ದು ದೊಡ್ಡವಳು. ಇವರು ಕ್ಲಬ್ಬಿಗೆ ಹೋದ ಹೊತ್ತಿನಲ್ಲಿ ಮೇಜಿನ ಮುಂದೆ ಕೂತು ದಪ್ಪ ಗಟ್, ತೆಳು ಗಟ್ ಎಂದು ಬಗೆಬಗೆಯದನ್ನು ಕಟ್ಟಿದಳು, ತಟ್ಟಿ ಕೇಳಿದಳು, ಕತ್ತರಿಸಿದಳು, ಬೇರೆ ಎಳೆತಕ್ಕೆ ಮತ್ತೆ ಕಟ್ಟಿದಳು. ಕೊನೆಗೆ ಒಂದು ಮಧ್ಯಾಹ್ನ ನನ್ನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ ಎರಡು ರ‍್ಯಾಕೆಟ್ ತಟ್ಟಿದಳು.

"ಯಾವುದು ಬಿಗಿ ಹೇಳು."

"ಎರಡೂ ಒಂದೇ ಅಲ್ವೇನೇ?"

"ಒಂದು ದಪ್ಪ ಗಟ್, ಮೂವತ್ತಕ್ಕೆ ಎಳೆದಿದ್ದೀನಿ. ಇನ್ನೊಂದು ತೆಳು, ಬರೀ ಇಪ್ಪತ್ತನಾಲ್ಕು. ತೆಳು ಗಟ್ ಸಡಿಲ ಇದ್ರೂ ಬಿಗಿ ಗಟ್ಟಿನ ಹಾಗೇ ಏರುದನಿ ತೆಗೆಯತ್ತೆ ಅಮ್ಮ. ಅಪ್ಪನ ಕಿವಿಗೆ ಇಷ್ಟು ಸಾಕು."

ಆ ಸಂಜೆ ಇವರು ತೆಳು ಗಟ್ಟಿನ ರ‍್ಯಾಕೆಟ್ಟನ್ನು ಕಿವಿಗೆ ಹಿಡಿದರು. ನಾವು ಮೂವರೂ ಸುತ್ತ ನಿಂತಿದ್ದೆವು. ಪೆಟ್ಟು ಕೊಟ್ಟರು. ಕಣ್ಣು ಮುಚ್ಚಿದರು. "ಇದು ಮೂವತ್ತು" ಎಂದರು, "ಇದು ಸದ್ದು ಅಂದ್ರೆ." ಚಿಕ್ಕವಳು ಬಾತ್‌ರೂಮಿಗೆ ಓಡಿ ನಲ್ಲಿ ಬಿಟ್ಟುಕೊಂಡು ನಕ್ಕಳು.

ಅವಳ ಆಟ ದಿನೇ ದಿನೇ ಕಳೆಗಟ್ಟಿತು. ಕೋರ್ಟಿನ ಈ ಕೊನೆಯ ಗೆರೆಯಿಂದ ಆ ಕೊನೆಯ ಗೆರೆಗೆ ಶಟಲ್ ಸಲೀಸಾಗಿ ಹೋಗುತ್ತಿತ್ತು. ಒಂದು ದಿನ ತಾನೇ ಜಡೆ ಹಾಕಿಕೊಂಡಳು. ತೆಳು ಗಟ್ ಬೇಗ ತುಂಡಾಗುತ್ತದೆ, ಅದೊಂದೇ ತಲೆನೋವು. ಅದಕ್ಕೇ ಪಂದ್ಯಕ್ಕೆಂದು ದೊಡ್ಡವಳು ಎರಡು ರ‍್ಯಾಕೆಟ್ ಹೊಸದಾಗಿ ಕಟ್ಟಿಟ್ಟಳು. ಇವರು ಮಾತ್ರ ಬೀದಿಯಲ್ಲಿ ಸಿಕ್ಕವರಿಗೆಲ್ಲ "ಡಾಕ್ಟರ ಮಾತು ಕೇಳಿದ್ದಿದ್ರೆ ಕೆಟ್ಟೇ ಹೋಗ್ತಿದ್ವಿ, ನೋಡಿ ಮೂವತ್ತರ ಆಟ" ಎಂದು ಹೇಳಿಕೊಂಡು ತಿರುಗಿದರು. ಜಂಬ ಪಡಲಿ ಬಿಡು, ಮಗಳ ಭುಜ ಉಳಿಯಿತಲ್ಲ ಎಂದುಕೊಂಡೆ.

ಪಂದ್ಯದಲ್ಲಿ ಚಿಕ್ಕವಳು ಮೊದಲ ಗೇಮ್ ಗೆದ್ದಳು. ಎರಡನೆಯದರಲ್ಲಿ ಒಂದು ಗಟ್ ಹೋಯಿತು. ಗೇಮೂ ಹೋಯಿತು. ಮೂರನೆಯದರಲ್ಲಿ ಅವಳೇ ಮುಂದಿದ್ದಳು, ಇನ್ನು ನಾಲ್ಕೈದು ಪಾಯಿಂಟು, ಅಷ್ಟರಲ್ಲಿ ಎರಡನೆಯ ರ‍್ಯಾಕೆಟ್ಟಿನ ಗಟ್ಟೂ ಟಪ್ಪೆಂದಿತು. ದೊಡ್ಡವಳು ನನ್ನ ಪಕ್ಕದಲ್ಲಿ ತಲೆಯ ಮೇಲೆ ಕೈಹೊತ್ತಳು. ಇನ್ನು ರ‍್ಯಾಕೆಟ್ ಇರಲಿಲ್ಲ. ಅಂದರೆ ನಮಗೆ ಗೊತ್ತಿದ್ದಂತೆ ಇರಲಿಲ್ಲ.

ಇವರು ಕೋರ್ಟಿನ ಬದಿಯ ಕೋಚಿನ ಕುರ್ಚಿಯ ಕೆಳಗಿನ ತಮ್ಮ ಚೀಲದಿಂದ ಮೂರನೆಯದನ್ನು ತೆಗೆದರು. "ನಾನೇ ಕ್ಲಬ್ಬಲ್ಲಿ ಕಟ್ಟಿದ್ದು" ಎಂದು ಅವಳ ಕೈಗಿಟ್ಟರು. ಆ ಮಾತು ನಮ್ಮ ಸಾಲಿನವರೆಗೂ ಕೇಳಿಸಿತು. "ಮೂವತ್ತೇ ಇಷ್ಟು ಒಳ್ಳೇದು ಮಾಡಿದ್ರೆ, ಮೂವತ್ತೆರಡು ಏನು ಮಾಡತ್ತೆ ನೋಡು."

ಚಿಕ್ಕವಳು ತಲೆಯೆತ್ತಿ ಅಕ್ಕನನ್ನು ನೋಡಿದಳು. ದೊಡ್ಡವಳು ತಡೆಯಲು ಮೆಟ್ಟಿಲಿಳಿದು ಓಡಿದಳು. "ಆಡ್ಬೇಡ ಕಣೇ" ಎಂದು ನಾನು ಕೂಗಿದ್ದು ಚಪ್ಪಾಳೆಯಲ್ಲಿ ಮುಳುಗಿತು. ದೊಡ್ಡವಳು ಕೆಳಗೆ ಮುಟ್ಟುವ ಮೊದಲೇ ಅಂಪೈರು ಆಟಕ್ಕೆ ಕರೆದರು. ಚಿಕ್ಕವಳು ಎರಡು ಪಾಯಿಂಟು ಗೆದ್ದಳು. ಆಮೇಲೆ ಒಂದು ಶಟಲ್ ಎತ್ತರಕ್ಕೆ ಬಂತು. ಅವಳು ನೆಗೆದು ಹೊಡೆದಳು, ಕೈ ಒದ್ದೆ ಬಟ್ಟೆಯಂತೆ ಜೋತುಬಿತ್ತು, ರ‍್ಯಾಕೆಟ್ ಜಾರಿತು. ಸದ್ದು ಮಾಡದೆ ನೆಲದ ಮೇಲೆ ಕೂತುಬಿಟ್ಟಳು.

ಮೊದಲು ಹತ್ತಿರ ಹೋದವರು ಇವರೇ. ಬಗ್ಗಿ ಎತ್ತಿಕೊಂಡಿದ್ದು ರ‍್ಯಾಕೆಟ್ಟನ್ನು. ಕಿವಿಗೆ ಹಿಡಿದು ತಟ್ಟಿ, "ಗಟ್ ಸರಿಯಾಗೇ ಇದೆಯಲ್ಲ" ಎಂದರು. ನಾನು ಇದನ್ನು ಸಾಯುವವರೆಗೂ ಮರೆಯುವುದಿಲ್ಲ, ಕ್ಷಮಿಸುವುದೂ ಇಲ್ಲ.

ಆಸ್ಪತ್ರೆಯ ಹಜಾರದಲ್ಲಿ ದೊಡ್ಡವಳು ಕತ್ತರಿ ತೆಗೆದು, ಗಟ್ ತುಂಡಾದ ಎರಡು ರ‍್ಯಾಕೆಟ್ಟುಗಳ ಪೈಕಿ ಒಂದರ ಉಳಿದ ಗಟ್ಟನ್ನು ನಡುವಿನಿಂದ ಕತ್ತರಿಸತೊಡಗಿದಳು.

"ಈಗ ಅದೊಂದು ಕೇಡಾ ನಿಂಗೆ?" ಎಂದು ಗದರಿದೆ.

"ಹಾಗೇ ಬಿಟ್ರೆ ಚೌಕಟ್ಟು ಸೊಟ್ಟ ಆಗತ್ತೆ ಅಮ್ಮ" ಎಂದಳು. ಕತ್ತರಿಸುತ್ತಲೇ ಹೋದಳು.

ಇವರು ಬೆಂಚಿನ ತುದಿಯಲ್ಲಿ ಕುಗ್ಗಿ ಕೂತಿದ್ದರು. "ನಂದೇ ತಪ್ಪು" ಎಂದರು. ಮದುವೆಯಾದಂದಿನಿಂದ ಇವರ ಬಾಯಲ್ಲಿ ನಾನು ಕೇಳದ ಮಾತು. "ಮೂವತ್ತರಲ್ಲಿ ಎಷ್ಟು ಚೆನ್ನಾಗಿ ಆಡ್ತಿದ್ಲು. ನಾನ್ಯಾಕೆ ಎರಡು ಪೌಂಡ್ ಏರಿಸ್ದೆ."

ತಪ್ಪು ಒಪ್ಪಿಕೊಂಡದ್ದೂ ತಪ್ಪಾಗಿಯೇ. ದೊಡ್ಡವಳು ಕತ್ತರಿ ಕೆಳಗಿಟ್ಟಳು.

"ಅದು ಮೂವತ್ತಲ್ಲಪ್ಪ. ಇಪ್ಪತ್ತನಾಲ್ಕು. ತೆಳು ಗಟ್ ಹಾಕಿದ್ದೆ, ನಿಮ್ಮ ಕಿವಿಗೋಸ್ಕರ."

ಇವರು ಅವಳ ಪಕ್ಕದಲ್ಲಿದ್ದ ಇನ್ನೊಂದು ರ‍್ಯಾಕೆಟ್ಟನ್ನು ಎಳೆದುಕೊಂಡು ಕಿವಿಗೆ ಹಿಡಿದು ತಟ್ಟಿದರು. ತುಂಡಾದ ಗಟ್ಟು ಸರಪರ ಎಂದಿತು, ಅಷ್ಟೇ. ಮತ್ತೊಮ್ಮೆ ತಟ್ಟಿದರು. "ಸುಳ್ಳು" ಎಂದರು. "ನಾನು ಕೇಳಿದ್ದೀನಿ."

ಬಾಗಿಲು ತೆರೆಯಿತು. ಚಿಕ್ಕವಳು ಹೊರಗೆ ಬಂದಳು, ಬಲಗೈ ಎದೆಗೆ ಬಿಗಿದಿತ್ತು. ಹಿಂದೆ ಬಂದ ಡಾಕ್ಟರು ನಮ್ಮ ಯಾರ ಮುಖವನ್ನೂ ನೋಡದೆ ಇಲ್ಲವೆಂದು ತಲೆ ಅಲ್ಲಾಡಿಸಿದರು. ಇವರು ಡಾಕ್ಟರನ್ನು ಏನೂ ಕೇಳಲಿಲ್ಲ. ರ‍್ಯಾಕೆಟ್ಟನ್ನು ಮಗಳ ಮುಂದೆ ಹಿಡಿದು, "ಇದು ಎಷ್ಟು?" ಎಂದರು.

"ಇಪ್ಪತ್ತನಾಲ್ಕು ಅಪ್ಪ" ಎಂದಳು ಚಿಕ್ಕವಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. "ಆಡೋಕೆ ತುಂಬ ಚೆನ್ನಾಗಿತ್ತು."

ಅವಳ ಜಡೆ ಬಿಚ್ಚಿ ಕೂದಲು ಕಣ್ಣಿಗೆ ಬಿದ್ದಿತ್ತು. ಸರಿಸಿಕೊಳ್ಳಲು ರೂಢಿಯಂತೆ ಬಲಗೈ ಎತ್ತಹೋಗಿ ನಿಂತಳು. ನಾನೇ ಸರಿಸಿದೆ.