ಒಳಕೋಣೆಗೆ ಹೋದ ಕುರ್ಚಿ

ನಾನು ಕುರ್ಚಿ. ಜನ ಹೊಡೆದಾಡಿ ಏರುವಂಥ ಕುರ್ಚಿಯಲ್ಲ. ಐರ್ಲೆಂಡಿನ ಕೆರ್ರಿ ಸೀಮೆಯಲ್ಲಿ, ಗುಡ್ಡದ ಬುಡದ ಒಂದು ಅಡುಗೆಮನೆಯಲ್ಲಿ ಕಾಲೂರಿಕೊಂಡಿದ್ದ ಬಡ ಕುರ್ಚಿ. ಮೈ ಆ್ಯಶ್ ಮರದ್ದು. ಕೂರುವ ಜಾಗ ಓಟ್ಸ್ ಹುಲ್ಲಿನಿಂದ ಹೊಸೆದ ಹಗ್ಗದ್ದು. ಫೀನೀನ್ ಎಂಬ ರೈತ ಮದುವೆಯಾದ ಚಳಿಗಾಲದಲ್ಲಿ ಹೆಂಡತಿ ಗೊಬ್ನಿತಳಿಗಾಗಿ ನನ್ನನ್ನು ಮಾಡಿದ. ಹಗ್ಗದ ಒಂದು ತುದಿಗೆ ಅವನು ಹುಲ್ಲು ಕೊಡುತ್ತ ಕೂತಿದ್ದರೆ, ಇನ್ನೊಂದು ತುದಿ ಹಿಡಿದು ತಿರುವುತ್ತ ಹಿಂದೆ ಹಿಂದೆ ಸರಿದ ಗೊಬ್ನಿತ್ ಬಾಗಿಲು ದಾಟಿದ್ದೂ ತಿಳಿಯದೆ ಅಂಗಳದ ಕೆಸರಿನಲ್ಲಿ ಧೊಪ್ಪನೆ ಕೂತಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಒಂದು ಕಾಲು ಮೊದಲಿನಿಂದಲೂ ಕೊಂಚ ಗಿಡ್ಡ. ಫೀನೀನ್ ಅದನ್ನು ನೆಲದ ತಪ್ಪು ಎನ್ನುತ್ತಿದ್ದ.

ಕುರ್ಚಿಗಳಿಗೆ ಮನುಷ್ಯರ ಮುಖದ ಪರಿಚಯ ಇರುವುದಿಲ್ಲ, ಅದೇನಿದ್ದರೂ ಬೇರೆ ಭಾಗದ್ದು. ಆದರೆ ಆ ಮನೆಗಳಲ್ಲಿ ಒಂದು ರೂಢಿ ಇತ್ತು. ಸಂಜೆಯ ಊಟ ಮುಗಿದ ಕೂಡಲೇ ಗೂಟದಿಂದ ಜಪಸರ ಇಳಿಯುತ್ತಿತ್ತು. ಎಲ್ಲರೂ ತಂತಮ್ಮ ಕುರ್ಚಿಯ ಕಡೆ ತಿರುಗಿ ನೆಲಕ್ಕೆ ಮೊಣಕಾಲೂರಿ, ಮೊಣಕೈಯನ್ನು ಕೂರುವ ಜಾಗದ ಮೇಲಿಟ್ಟು, ಅಂಗೈಯಲ್ಲಿ ಮುಖ ಹುದುಗಿಸಿಕೊಳ್ಳುತ್ತಿದ್ದರು. ಒಬ್ಬರಿಗೆ ಇನ್ನೊಬ್ಬರ ಬೆನ್ನು ಮಾತ್ರ ಕಾಣುತ್ತಿತ್ತು. ಮುಖ ನನಗೆ. ತಾಯಿಯ ಪಕ್ಕದಲ್ಲೇ ನನ್ನ ಮೇಲೆ ಮುಖವಿಟ್ಟ ಮಗ ಡೊನಲ್ ಮೂರನೆಯ 'ನಮೋ ಮರಿಯಮ್ಮ' ಬರುವ ಹೊತ್ತಿಗೆ ತೂಕಡಿಸುತ್ತಿದ್ದುದನ್ನು ನಾನು ಬಲ್ಲೆ. ಫೀನೀನ್ ಸತ್ತ ಮೇಲೆ ಗೊಬ್ನಿತಳ ತುಟಿ ಮಾತ್ರ ಅಲುಗಿ ದನಿ ಹೊರಡದೆ ಹೋದ ಸಂಜೆಗಳನ್ನೂ ಬಲ್ಲೆ.

ಗೊಬ್ನಿತಳ ಪ್ರಾರ್ಥನೆಯೆಲ್ಲ ಐರಿಶ್ ಭಾಷೆಯಲ್ಲಿ. ಅವಳಿಗೆ ದೇವರ ಜೊತೆ, ಹಸುವಿನ ಜೊತೆ, ಒಲೆಯ ಜೊತೆ ಮಾತಾಡಲು ಇದ್ದದ್ದು ಅದೊಂದೇ ಭಾಷೆ. ಡೊನಲ್ ಮದುವೆಯಾಗಿ ತಂದ ಡೀಲಿಯಾ ಪೇಟೆಯ ಅಂಗಡಿಯವರ ಮಗಳು, ಬರೀ ಇಂಗ್ಲಿಷಿನವಳು. ಆಗೆಲ್ಲ ಇಂಗ್ಲಿಷ್ ಎಂದರೆ ಅಂಗಡಿ, ಕೋರ್ಟು, ಅಮೆರಿಕದ ಹಡಗು. ಐರಿಶ್ ಎಂದರೆ ಬರಿಗಾಲು, ಸಗಣಿ. ಮನೆಯ ಜಪ ಇಂಗ್ಲಿಷಿಗೆ ತಿರುಗಿತು. ಅತ್ತೆ ತನ್ನ ಪಾಡಿಗೆ ಐರಿಶಿನಲ್ಲಿ ಗೊಣಗಿ ಉತ್ತರ ಕೊಡುತ್ತಿದ್ದಳು. ಡೀಲಿಯಾ ಕೆಟ್ಟವಳು ಎಂದು ಯಾರೂ ತಿಳಿಯಬಾರದು. ಅತ್ತೆಯ ಕಾಲು ಬಾತು ನಡೆಯಲಾಗದಂತಾದಾಗ ದಿನಾ ಬಿಸಿನೀರಲ್ಲಿ ತೊಳೆದವಳು, ತಲೆ ಬಾಚಿದವಳು ಅವಳೇ. ಆದರೆ ನಾಲ್ಕು ಜನ ಏನಂದಾರು ಎಂಬ ಭಯ ಅವಳನ್ನು ಪೇಟೆಯಿಂದಲೇ ಹಿಂಬಾಲಿಸಿ ಬಂದಿತ್ತು.

ಕಾಲು ಹೋದ ಮೇಲೆ ಗೊಬ್ನಿತ್ ಚರ್ಚಿನ ಮುಖ ನೋಡಿರಲಿಲ್ಲ. ವರ್ಷಗಳಿಂದ ಪಾದ್ರಿಯೆದುರು ಪಾಪನಿವೇದನೆ ಇಲ್ಲ, ನಾಲಿಗೆಯ ಮೇಲಿಡುವ ಪವಿತ್ರ ರೊಟ್ಟಿಯ ಪರಮಪ್ರಸಾದ ಇಲ್ಲ. ಅಷ್ಟರಲ್ಲಿ 'ಸ್ಟೇಷನ್' ಸರದಿ ನಮ್ಮ ಮನೆಗೆ ಬಂತು. ಪಾದ್ರಿಗಳೇ ಊರಿನ ಒಂದು ಮನೆಗೆ ಬಂದು, ಸುತ್ತಲಿನವರ ಪಾಪನಿವೇದನೆ ಕೇಳಿ, ಅಡುಗೆಮನೆಯ ಮೇಜಿನ ಮೇಲೆ ಬಲಿಪೂಜೆ ಮಾಡಿ ಆ ಪ್ರಸಾದ ಹಂಚಿ, ಅಲ್ಲೇ ತಿಂಡಿ ತಿಂದು ಹೋಗುವ ಪದ್ಧತಿ ಅದು. ಒಂದು ಮನೆಗೆ ಸರದಿ ಮತ್ತೆ ಬರಬೇಕಾದರೆ ಒಂದು ತಲೆಮಾರೇ ಕಳೆಯುತ್ತಿತ್ತು. ಸುದ್ದಿ ಕೇಳಿದ ಗೊಬ್ನಿತ್ ನನ್ನ ಮೇಲೆ ಕೂತೇ ಅತ್ತಳು. ತಾನು ಹೋಗಲಾಗದ ಕಡೆಯಿಂದ ದೇವರೇ ಎದ್ದು ಬರುತ್ತಿದ್ದಾನಲ್ಲ ಎಂದಳು.

ಡೀಲಿಯಾ ಗೋಡೆಗೆ ಸುಣ್ಣ ಹೊಡೆದಳು. ನೆರೆಮನೆಯಿಂದ ಹೂವಿನ ಚಿತ್ರದ ಚಹಾ ಕಪ್ಪು, ತವರಿಂದ ಮೇಜಿನ ಬಿಳಿ ಬಟ್ಟೆ ತಂದಳು. ಎಲ್ಲವೂ ಫಳಫಳ ಎನ್ನುವಾಗ ಅವಳ ಕಣ್ಣಿಗೆ ಚುಚ್ಚಿದ್ದು ಅತ್ತೆ. ಮಣ್ಣಿನ ಪೈಪು ಸೇದುವ, ಪೂಜೆಯ ನಡುವೆ ಐರಿಶಿನಲ್ಲಿ ಗಟ್ಟಿಯಾಗಿ ದೇವರನ್ನು ಮಾತಾಡಿಸುವ ಮುದುಕಿ. ಬರುವವರೋ ಹೊಸ ಪಾದ್ರಿ ಫಾದರ್ ಟ್ರಾಂಟ್, ಪೇಟೆಯವರು, ಓದಿದವರು.

ಆ ಬೆಳಿಗ್ಗೆ ಡೀಲಿಯಾ ಅತ್ತೆಗೆ ಒಳ್ಳೆಯ ಕರಿ ಶಾಲು ಹೊದಿಸಿದಳು. ನನ್ನನ್ನು ಎತ್ತಿಕೊಂಡು ಹೋಗಿ ಒಳಕೋಣೆಯಲ್ಲಿಟ್ಟು ಅವಳನ್ನು ಕೂರಿಸಿದಳು.

"ಹೊರಗೆ ಜನ ಜಾಸ್ತಿ ಅಮ್ಮ, ಗಾಳಿ ಬೇರೆ. ನೀವು ಇಲ್ಲೇ ಇರಿ. ಫಾದರ್ ಇಲ್ಲಿಗೇ ಬರ್ತಾರೆ" ಎಂದು ಅತ್ತೆಗೆ ತಿಳಿಯುವಂತೆ ಬಿಡಿಸಿ ಬಿಡಿಸಿ ಹೇಳಿ ಬಾಗಿಲೆಳೆದುಕೊಂಡಳು.

ಪರಮಪ್ರಸಾದ ತೆಗೆದುಕೊಳ್ಳುವವರು ಹಿಂದಿನ ನಡುರಾತ್ರಿಯಿಂದ ಒಂದು ಗುಟುಕು ನೀರೂ ಕುಡಿಯಬಾರದು. ಗೊಬ್ನಿತ್ ಒಣಗಿದ ತುಟಿಯಲ್ಲಿ ತನ್ನ ಪಾಪಗಳನ್ನು ಜೋಡಿಸಿಕೊಳ್ಳುತ್ತಿದ್ದಳು. ಎಂಥ ಪಾಪಗಳು! ಕೋಳಿಗೆ ಬೈದದ್ದು, ಸೊಸೆಯ ಬ್ರೆಡ್ಡು ಗಟ್ಟಿ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದು. ಹಲಗೆ ಗೋಡೆಯಾಚೆ ಪಾದ್ರಿಯ ದನಿ ಕೇಳಿಸಿತು. "ಈ ಮನೆಯ ಹಿರಿಯಮ್ಮ ಒಬ್ಬರು ಇದ್ದಾರಂತಲ್ಲ?"

"ಮೈ ಸರಿಯಿಲ್ಲ ಫಾದರ್. ಮಲಗಿದ್ದಾರೆ. ಈಗೀಗ ಅವರಿಗೆ ಏನೂ ತಿಳಿಯೋದೂ ಇಲ್ಲ" ಎಂದಳು ಡೀಲಿಯಾ.

"ಹಾಗಾದರೆ ಮಲಗಲಿ, ಎಬ್ಬಿಸಬೇಡಿ. ಇನ್ನೊಂದು ದಿನ ನೋಡೋಣ."

ಡೊನಲ್ ಅಲ್ಲೇ ಇದ್ದ. ಅವನ ಕೆಮ್ಮು ನನಗೆ ಕೇಳಿಸಿತು, ಮಾತು ಕೇಳಿಸಲಿಲ್ಲ. ಅವರಾಡಿದ್ದು ಇಂಗ್ಲಿಷ್, ಅದೂ ಅವಸರದ ಇಂಗ್ಲಿಷ್. ಗೊಬ್ನಿತಳಿಗೆ 'ಫಾದರ್' ಎಂಬುದೊಂದು ಬಿಟ್ಟರೆ ಏನೂ ಹತ್ತಲಿಲ್ಲ. ಆ ಒಂದು ಮಾತಿಗೇ ಅವಳು ಶಾಲು ಸರಿಮಾಡಿಕೊಂಡಳು. ಪೂಜೆಯ ಗಂಟೆ ಬಾರಿಸಿದಾಗ ನನ್ನ ತೋಳು ಹಿಡಿದು ಜಾರಿ, ಬಾತ ಮೊಣಕಾಲನ್ನು ನೆಲಕ್ಕೂರಿದಳು. ನೋವಿಗೆ ಅವಳ ಉಗುರು ನನ್ನ ಹಗ್ಗದಲ್ಲಿ ಇಳಿಯಿತು. ಆಮೇಲೆ ಮೊಟ್ಟೆ, ಬೆಣ್ಣೆ, ಚಹಾದ ಪರಿಮಳ. ಕಪ್ಪು ಬಸಿಗಳ ಸದ್ದು, ನಗು, ಕುದುರೆಗಾಡಿಯ ಸದ್ದು. ಅವಳು ಮತ್ತೆ ನನ್ನ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದಳು.

ಬಾಗಿಲು ತೆರೆದಾಗ ನಿಂತಿದ್ದವಳು ಡೀಲಿಯಾ. ಕೈಯಲ್ಲಿ ಹೂವಿನ ಕಪ್ಪಿನ ತುಂಬ ಚಹಾ, ಒಂದು ಮೊಟ್ಟೆ.

ಗೊಬ್ನಿತ್ ಕೈ ಅಡ್ಡ ಹಿಡಿದಳು. ಸೊಸೆಯಿಂದ ಕಲಿತ ನಾಲ್ಕು ಮಾತಿನ ಮುರುಕು ಇಂಗ್ಲಿಷಿನಲ್ಲಿ, "ಚಾ ಬ್ಯಾಡ ಮಗಳೇ. ನಾ ಇನ್ನೂ ಉಪಾಸ. ಫಾದರ್ ಬರಲಿ" ಎಂದಳು.

"ಫಾದರ್ ಹೋದರು ಅಮ್ಮ."

ಮುದುಕಿ ಹೆಗಲ ಶಾಲನ್ನು ಮಡಿಲಿಗೆ ಇಳಿಸಿಕೊಂಡಳು. "ಮರ್ತಿರಬೇಕು. ಎಳೇ ಹುಡುಗ, ಎಷ್ಟು ಮನೆ, ಎಷ್ಟು ಜನ."

"ಹೂಂ, ಮರೆತರು ಅಂತ ಕಾಣುತ್ತೆ" ಎಂದಳು ಡೀಲಿಯಾ. ಆಡಬಾರದಿದ್ದ ಮಾತು ಅದು.

ಅಂದು ಸಂಜೆ ನಾನು ಅಡುಗೆಮನೆಗೆ ಮರಳಿದ್ದೆ. ದಣಿದ ಗೊಬ್ನಿತ್ ಒಲೆಯ ಬದಿಗೆ ಒರಗಿದ್ದಳು, ಜಪಕ್ಕೆ ಡೀಲಿಯಾ ನನ್ನೆದುರು ಮೊಣಕಾಲೂರಿದಳು. ಜಪ ಮುಗಿದ ಮೇಲೆ ಅವರವರಿಗೆ ಬೇಕಾದವರನ್ನು ನೆನೆದು ಒಂದೊಂದು ಪ್ರಾರ್ಥನೆ ಸೇರಿಸುವುದು ವಾಡಿಕೆ. ಅಮೆರಿಕದ ತಮ್ಮನಿಗೆ, ಸತ್ತವರಿಗೆ, ಗಬ್ಬದ ಹಸುವಿಗೆ. ಗೊಬ್ನಿತ್ ತನ್ನ ಸರದಿಯಲ್ಲಿ, ಎಲ್ಲರಿಗೂ ತಿಳಿಯಲಿ ಎಂದು ಇಂಗ್ಲಿಷನ್ನೇ ತಡಕಾಡಿ ಹೇಳಿದಳು: "ನನ್ನ ಮರ್ತು ಹೋದ ಆ ಫಾದರ್‌ಗೆ. ದೇವ್ರು ಅವರ್ನ ಬಯ್ಯಬಾರ್ದು."

ಡೀಲಿಯಾಳ ಮುಖ ಸುಟ್ಟ ಹಾಗೆ ಕೆಂಪಾಯಿತು. ಸದ್ದು ಹೊರಬೀಳದಿರಲೆಂದು ಅವಳು ನನ್ನ ಹುಲ್ಲುಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ನೆಲದೊಳಗೆ ಇಳಿದುಹೋಗಬೇಕೆನಿಸುವ ನಾಚಿಕೆಯನ್ನು ನಾನು ಮೊದಲ ಸಲ ಅಷ್ಟು ಹತ್ತಿರದಿಂದ ಕಂಡೆ. ಮುಂದಿನ ಭಾನುವಾರ ಪಾದ್ರಿಗೆ ಎಲ್ಲ ಹೇಳಿ ಕರೆತರುತ್ತೇನೆ ಎಂದು ಅವಳು ನನ್ನೊಳಗೆ ಪಿಸುಗುಟ್ಟಿದಳು. ಆದರೆ ಹೇಳಬೇಕಾದದ್ದು ತಾನು ಸುಳ್ಳು ಹೇಳಿದ ಮನುಷ್ಯನಿಗೇ. ಒಂದು ಭಾನುವಾರ ಮಳೆ, ಒಂದು ಭಾನುವಾರ ಮಗುವಿಗೆ ಜ್ವರ, ಇನ್ನೊಂದು ಭಾನುವಾರ ಬರೀ ಧೈರ್ಯ ಸಾಲಲಿಲ್ಲ. ಹೀಗೇ ಚಳಿಗಾಲ ಬಂತು. ಗೊಬ್ನಿತಳಿಗೆ ಪಾರ್ಶ್ವವಾಯು ಬಡಿಯಿತು. ಫಾದರ್ ಟ್ರಾಂಟ್ ಓಡೋಡಿ ಬಂದರು. ಅವಳಿಗೆ ನುಂಗಲಾಗುತ್ತಿರಲಿಲ್ಲ. ಪರಮಪ್ರಸಾದವನ್ನು ಹಾಗೇ ಮಡಿಸಿಟ್ಟುಕೊಂಡು, ಸಾಯುವವರಿಗೆ ಹಚ್ಚುವ ಎಣ್ಣೆಯನ್ನು ಮಾತ್ರ ಹಣೆಗೆ ಸವರಿ ಹೋದರು. ಅವಳು ಮತ್ತೆ ಏಳಲಿಲ್ಲ.

ಈಗ ನಾನು ಜವುಗು ನೆಲದಿಂದ ಕಡಿದ ಉರುವಲು ಹೆಂಟೆ, ಅಂದರೆ ಪೀಟು, ಪೇರಿಸುವ ಶೆಡ್ಡಿನಲ್ಲಿದ್ದೇನೆ. ಹಗ್ಗ ಹರಿದು ಗೋಣಿ ಬಂತು, ಗೋಣಿಯೂ ಹೋಯಿತು. ಆ ತೂತಿನಲ್ಲಿ ಒಂದು ಕೋಳಿ ಮೊಟ್ಟೆಯಿಡುತ್ತದೆ, ಅದರ ಗತ್ತು ನೋಡಬೇಕು. ಮನೆಯೊಳಗೆ ಮೆತ್ತನೆಯ ಕುರ್ಚಿಗಳು ಬಂದಿವೆ. ಅವುಗಳ ಮುಂದೆ ಯಾರೂ ಮೊಣಕಾಲೂರುವುದು ಕಾಣೆ. ನಾಚಿಕೆಯನ್ನು ಜನ ಈಗ ಎಲ್ಲಿಡುತ್ತಾರೋ ನನಗೆ ತಿಳಿಯದು. ನಾನು ಕೊನೆಯ ಸಲ ಅಡುಗೆಮನೆ ಹೊಕ್ಕಿದ್ದು ಸ್ಟೇಷನ್ ಸರದಿ ಮತ್ತೆ ಬಂದಾಗ, ಕೂರಲು ಆಸನ ಸಾಲದೆ.

ಆ ಸರದಿಯ ಹೊತ್ತಿಗೆ ದೇಶ ಇಂಗ್ಲೆಂಡಿನಿಂದ ಸ್ವತಂತ್ರವಾಗಿತ್ತು. ಶಾಲೆಗಳಲ್ಲಿ ಐರಿಶ್ ಕಲಿಸುತ್ತಿದ್ದರು. ನಾಲಿಗೆಯಿಂದ ಒರೆಸಿ ಹಾಕಿದ್ದನ್ನು ಈಗ ಪುಸ್ತಕದಿಂದ ತುಂಬುತ್ತಿದ್ದರು. ಡೀಲಿಯಾಳ ಮೊಮ್ಮಗಳು ಐಲೀಷ್ ಪೂಜೆಯಾದ ಮೇಲೆ ಎಲ್ಲರೆದುರು ನಿಂತು 'ನಮೋ ಮರಿಯಮ್ಮ'ವನ್ನು ಐರಿಶಿನಲ್ಲಿ ಒಂದೂ ತಪ್ಪಿಲ್ಲದೆ ಹೇಳಿದಳು. ಯುವ ಪಾದ್ರಿಗೆ ಹಿಗ್ಗೋ ಹಿಗ್ಗು.

"ಇದು ಈ ಮನೆಯಲ್ಲೇ ಉಳಿದು ಬಂದದ್ದಿರಬೇಕು. ನಿಮ್ಮಜ್ಜಿ ಹೇಳಿಕೊಟ್ಟರಾ?"

ನೆರೆಹೊರೆಯವರೆಲ್ಲ ನನ್ನೆದುರು ಮೊಣಕಾಲೂರಿದ್ದ ಡೀಲಿಯಾಳ ಕಡೆ ಮೆಚ್ಚುಗೆಯಿಂದ ತಿರುಗಿದರು. ಸುಮ್ಮನೆ ನಕ್ಕಿದ್ದರೆ ಸಾಕಿತ್ತು. ಅವಳು ಅಂಗೈಯಿಂದ ಮುಖ ಎತ್ತಿದಳು.

"ನನಗೆ ಬರಲ್ಲ ಫಾದರ್. ಬರುತ್ತಿದ್ದವರು ನಮ್ಮತ್ತೆ. ಇದೇ ಮನೆಯಲ್ಲಿ ಸ್ಟೇಷನ್ ನಡೆದ ದಿನ, ಆ ಭಾಷೆ ಕೇಳಿದರೆ ಮರ್ಯಾದೆ ಹೋಗುತ್ತೆ ಅಂತ ನಾನು ಅವರನ್ನ ಆ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದೆ. ಮಲಗಿದ್ದಾರೆ ಅಂತ ಸುಳ್ಳು ಹೇಳಿದೆ. ಅವರು ಉಪವಾಸ ಕಾಯ್ತಾ ಇದ್ದರು. ಆಮೇಲೆ ಅವರಿಗೆ ಪ್ರಸಾದ ಸಿಗಲೇ ಇಲ್ಲ."

ಮುದುಕನಾಗಿದ್ದ ಡೊನಲ್ ನೆಲ ನೋಡುತ್ತಿದ್ದ. ಐಲೀಷ್ ಅಜ್ಜಿಯನ್ನು ನೋಡುತ್ತಿದ್ದಳು. ಪಾದ್ರಿ ಒಳ್ಳೆಯವರು, ಅವಳನ್ನು ಎಬ್ಬಿಸಲು ಬಗ್ಗಿ ಮೆಲ್ಲಗೆ ಹೇಳಿದರು:

"ಆಗಿನ ಕಾಲ ಹಾಗಿತ್ತು ಬಿಡಿ ಅಮ್ಮ."

ಪಾದ್ರಿ ಚಾಚಿದ ಕೈಯನ್ನು ಡೀಲಿಯಾ ಹಿಡಿಯಲಿಲ್ಲ. ನನ್ನ ಗಿಡ್ಡ ಕಾಲು ಅಲುಗುವಷ್ಟು ಭಾರ ಹಾಕಿ ತಾನೇ ಎದ್ದು ನಿಂತಳು.

"ಕಾಲ ಅಲ್ಲ ಫಾದರ್. ನಾನು."