ಹುಳುಮನೆಯಲ್ಲಿ ಆರು ಬಾಟಲಿ

ವೈನಿನ ವಿಚಾರವಾಗಿ ಕತೆ ಹೇಳಲು ಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಅದರ ಒಂದು ತೊಟ್ಟನ್ನೂ ನಾಲಿಗೆಗೆ ಹಚ್ಚಿಕೊಂಡವನಲ್ಲ ನಾನು. ಬಲ್ಲವರು ಓದಿದರೆ ನಕ್ಕಾರು. ಆದರೂ ಚೆನ್ನರಾಯಪ್ಪನ ಮನೆಯಲ್ಲಿ ಆದದ್ದನ್ನು ಬಲ್ಲವರು ಯಾರೂ ಹೇಳಲಿಲ್ಲವಾದ್ದರಿಂದ ಈ ಧೈರ್ಯ ಮಾಡಿದ್ದೇನೆ.

ಚೆನ್ನರಾಯಪ್ಪ ಹಗಲು ದುಡಿದು, ಸಂಜೆ ಕ್ಲಾಸಿನಲ್ಲಿ ಕೂತು ಪಿಯುಸಿ ಮುಗಿಸಿದವನು. ಶಿಡ್ಲಘಟ್ಟದ ಕಡೆಯ ತನ್ನೂರಿನಿಂದ ಚಿಕ್ಕಬಳ್ಳಾಪುರದ ಆಚೆ ಇದ್ದ ವೈನ್ ಕಾರ್ಖಾನೆಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಅಲ್ಲಿನ ಲ್ಯಾಬಿನಲ್ಲಿ ಹುಳಿ ಎಷ್ಟು, ಸಕ್ಕರೆ ಎಷ್ಟು ಎಂದು ಅಳೆದು ಬರೆಯುವುದು ಅವನ ಕೆಲಸ. ಆರು ವರ್ಷವಾದರೂ ಕೆಲಸ ಕಾಯಂ ಆಗಿರಲಿಲ್ಲ. ಅವನು ಯಾರಿಗೂ ಹೇಳದ ಸಂಗತಿ ಒಂದಿತ್ತು. ಮೊದಲೆರಡು ವರ್ಷ ಪೀಪಾಯಿಗಳೊಳಗೆ ಗಂಧಕದ ಹೊಗೆ ಹಾಕುವ ಕೆಲಸ ಮಾಡಿ ಅವನ ಮೂಗು ಸತ್ತುಹೋಗಿತ್ತು. ಮಲ್ಲಿಗೆಯೂ ಒಂದೇ, ಸಗಣಿಯೂ ಒಂದೇ.

ತೊಂಬತ್ತಮೂರರ ಬೇಸಿಗೆಯಲ್ಲಿ ಮ್ಯಾನೇಜರು ದಕ್ಷಿಣಾಮೂರ್ತಿ ಅವನನ್ನು ಕರೆಸಿದರು. ಮೇಜಿನ ಮೇಲೆ ಆರು ಬಾಟಲಿಗಳಿದ್ದವು. ಮಾಲೀಕರು ಹೊರದೇಶಕ್ಕೆ ಹೋದವರು ತಂದ ಪೆಟ್ಟಿಗೆಗಳಿಂದ ಒಂದೊಂದು. ಬೆಂಗಳೂರಿನ ದೊಡ್ಡ ಹೋಟೆಲಿಗೆ ತಮ್ಮ ವೈನಿನ ಜೊತೆ ಪರದೇಶದ್ದೂ ಮೂರು ಒದಗಿಸುವ ಯೋಚನೆ ಅವರಿಗೆ.

"ರುಚಿ ನೋಡೋ ಆ ಪಾರ್ಸಿ ಮುದುಕರು ಬಿಟ್ಟು ಹೋದರಲ್ಲ ರೀ. ನೀವೇ ನೋಡಿ, ಒಂದೊಂದಕ್ಕೂ ನಾಲ್ಕು ಸಾಲು ಬರೆದು ಮೂರು ಆರಿಸಿ ಕೊಡಿ. ಸರಿಹೋದರೆ ನಿಮ್ಮ ಕಾಯಂ ವಿಷಯ ಮಾತಾಡ್ತೀನಿ ಅಂದಿದ್ದಾರೆ ಮಾಲೀಕರು."

"ತಾವೂ ಒಂದ್ಸಲ ನೋಡಿದ್ರೆ ಸಾರ್..."

"ನಾನು ಮುಟ್ಟೋದಿಲ್ಲಪ್ಪ. ಹನ್ನೆರಡು ವರ್ಷದಿಂದ ಇದೇ ಮಾರಿ ಅನ್ನ ತಿಂದಿದ್ದೀನಿ, ಮುಟ್ಟಿಲ್ಲ."

ಚೆನ್ನರಾಯಪ್ಪ ಬಾಟಲಿಗಳನ್ನು ಚೀಲದಲ್ಲಿ ಪಂಚೆ ಸುತ್ತಿ ಮನೆಗೆ ತಂದ. ಅವನ ತಲೆಯಲ್ಲಿದ್ದದ್ದು ಹೆಂಡತಿ ಅನಸೂಯಮ್ಮನ ಮೂಗು. ರೇಷ್ಮೆ ಹುಳು ಮೇಯಿಸುವ ಮನೆಯಲ್ಲೇ ಹುಟ್ಟಿ ಬೆಳೆದವಳು ಅವಳು. ಹಿಪ್ಪುನೇರಳೆ ಸೊಪ್ಪಿನ ಕುಕ್ಕೆಗೆ ಮುಖ ಹಾಕಿದರೆ, ಸೊಪ್ಪು ಬೆಳಗ್ಗೆ ಕಿತ್ತದ್ದೋ ಬಿಸಿಲೇರಿದ ಮೇಲೆ ಕಿತ್ತದ್ದೋ ಹೇಳುವಳು. ಸುತ್ತಲೂ ದ್ರಾಕ್ಷಿ ತೋಟಗಳು. ಅಲ್ಲಿ ಹೊಡೆದ ಔಷಧಿ ಗಾಳಿಗೆ ಬಂದು ಸೊಪ್ಪಿನ ಮೇಲೆ ಕೂತರೆ ಹುಳು ಸಾಯುತ್ತದೆ. ಹೋದ ವರ್ಷ ಪಕ್ಕದ ವೆಂಕಟರವಣಪ್ಪನ ತೋಟದ ಅಂಚಿನಿಂದ ಬಂದ ಒಂದು ಹೊರೆ ಸೊಪ್ಪನ್ನು ಮೂಸಿ ತಿಪ್ಪೆಗೆ ಹಾಕಿಸಿದ್ದಳು. ಅದೇ ಅಂಚಿನ ಸೊಪ್ಪು ಹಾಕಿದ ಇನ್ನೊಂದು ಮನೆಯ ಹುಳು ಅಷ್ಟೂ ಹೋಗಿತ್ತು.

ಹುಳುಮನೆಯ ಕಟ್ಟುಪಾಡು ಅಂದರೆ ಅದು. ಬೀಡಿ ಸೇದಿದವನು, ಕುಡಿದವನು ಒಳಗೆ ಕಾಲಿಡುವಂತಿಲ್ಲ. ಊದುಬತ್ತಿ ಹಚ್ಚುವಂತಿಲ್ಲ. ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಹುಳು ಗೂಡಿಗೆ ಹತ್ತಿರವಾದಾಗ, ಚೆನ್ನರಾಯಪ್ಪನ ತಾಯಿ ಗಂಗುಲಮ್ಮ ಬೆಳ್ಳುಳ್ಳಿ ಒಗ್ಗರಣೆಯನ್ನೂ ನಿಲ್ಲಿಸಿಬಿಡುತ್ತಿದ್ದಳು.

ಆದರೆ ವೈನ್ ಮೂಸುವುದಕ್ಕೆ ಬೇರೆ ವಾಸನೆ ಇಲ್ಲದ ಜಾಗ ಬೇಕು. ಅಡುಗೆಮನೆಯಲ್ಲಿ ಹೊಗೆ, ನಡುಮನೆಯಲ್ಲಿ ದನ. ಊರಿನಲ್ಲೆಲ್ಲ ಏನೂ ವಾಸನೆ ಇಲ್ಲದ ಕೋಣೆ ಹುಳುಮನೆಯೊಂದೇ. ಗಂಗುಲಮ್ಮ ಕೈವಾರಕ್ಕೆ ಹೋದ ದಿನ, ಮಧ್ಯಾಹ್ನದ ಊಟವಾದ ಮೇಲೆ, ಅವನು ಚೀಲ ಹಿಡಿದು ಆ ಬಾಗಿಲಲ್ಲಿ ನಿಂತ.

"ಹುಳ ಇರೋ ಮನೆಗೆ ಸಾರಾಯಿ ತತ್ತಾರೇನ್ರೀ?"

"ಸಾರಾಯಿ ಅಲ್ಲ ಕಣೇ, ವೈನು."

"ಆ ಮಾತು ಹುಳಕ್ಕೆ ಹೇಳಿ."

"ಒಂದು ಗಂಟೆ ಅಷ್ಟೆ, ಅನಸೂಯಾ. ಮೂಲೇಲಿ ಕೂತ್ಕಳಣ. ನನ್ನ ಮೂಗು ಹೋಗೈತೆ ಅಂತ ಗೊತ್ತಾದ್ರೆ ನಾಳೇನೇ ಮನೆಗೆ ಕಳಿಸ್ತಾರೆ."

ಅವಳು ಗಂಡನ ಮುಖ ನೋಡಿದಳು. ಮೂಗಿನ ಸಂಗತಿ ಅವಳಿಗೂ ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಸಾರು ಸೀದೋದ್ರೂ ಸುಮ್ನೆ ಉಣ್ತಿದ್ದಾಗಲೇ ನಂಗೆ ಗೊತ್ತಿತ್ತು," ಎಂದು ದಾರಿ ಬಿಟ್ಟಳು.

ತಟ್ಟೆಗಳಲ್ಲಿ ಹುಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ಅವನು ಒಂದೊಂದೇ ಬಾಟಲಿ ತೆರೆದು ಸ್ಟೀಲ್ ಲೋಟಕ್ಕೆ ಸುರಿದ. ಅವಳು ಕಣ್ಣು ಮುಚ್ಚಿ ಮೂಸಿ, ಒಂದು ತೊಟ್ಟು ನಾಲಿಗೆಗೆ ಮುಟ್ಟಿಸಿ, ಹೊರಗೆ ಹೋಗಿ ಉಗಿದು ಬರುತ್ತಿದ್ದಳು.

ಜರ್ಮನಿಯ ಬಿಳಿ ವೈನಿಗೆ, "ನಿಂಬೆಹಣ್ಣಿಗೆ ಸೀಮೆಎಣ್ಣೆ ತೊಟ್ಟು ಬಿದ್ದಂಗೆ. ಆದ್ರೂ ಚೆನ್ನಾಗೈತೆ, ಯಾಕೋ ಗೊತ್ತಿಲ್ಲ," ಎಂದಳು. ಆಸ್ಟ್ರೇಲಿಯದ್ದಕ್ಕೆ, "ನೇರಳೆಹಣ್ಣಿಗೆ ಮೆಣಸು ಕುಟ್ಟಿ ಹಾಕವ್ರೆ." ಪೋರ್ಚುಗಲ್ಲಿನದು ಬೆಲ್ಲದ ಪಾಕ ತಳ ಹತ್ತುವ ಮುಂಚಿನ ಗಳಿಗೆ. ಇಟಲಿಯದು ಎಳೆ ಅಡಿಕೆ ಅಗಿದ ಹಾಗೆ ಬಾಯಿ ಒಣಗಿಸುತ್ತದೆ, ಊಟದ ಜೊತೆಗಾದರೆ ಆದೀತು. ಸ್ಪೇನಿನದು ಬಡಗಿಯ ಅಂಗಡಿ, ಬರೀ ಮರ. ಚೆನ್ನರಾಯಪ್ಪ ಅವಳ ಮಾತನ್ನು ಹಾಗೆಯೇ ಬರೆದುಕೊಳ್ಳುತ್ತಿದ್ದ.

ಕೊನೆಯದು ಫ್ರಾನ್ಸಿನದು. ಎಲ್ಲಕ್ಕಿಂತ ದುಬಾರಿ, ಮಾಲೀಕರಿಗೆ ಅಚ್ಚುಮೆಚ್ಚು. ಅನಸೂಯಮ್ಮ ಮೂಸಿ ಮುಖ ಹಿಂದಕ್ಕೆಳೆದುಕೊಂಡಳು.

"ಇದು ಕೆಟ್ಟೈತೆ."

"ಅದೇ ಕಣೇ ಒಳ್ಳೇದು."

"ಗೋಣಿಚೀಲ ನೆನೆದು ಮುಗ್ಗಲು ಹಿಡಿದಂಗೈತೆ. ಅದರ ಬಿರಡೆ ಕೊಡಿ." ಬಿರಡೆಯನ್ನೂ ಮೂಸಿದಳು. "ಇದರಿಂದಲೇ. ಬರಕಳ್ರೀ, ಕೆಟ್ಟೈತೆ ಅಂತ."

ಅವನು ಬರೆಯಲು ಹಿಂದೆಮುಂದೆ ನೋಡಿದ. ಅವಳು ಖಾತ್ರಿಗೆಂದು ಇನ್ನೂ ಮೂರು ಸಲ ಮೂಸಿದಳು. ಅಷ್ಟರಲ್ಲಿ ಗಂಟೆ ನಾಲ್ಕಾಯಿತು. ಸಂಜೆಯ ಸೊಪ್ಪು ಬಂತು. ಅವನು ಬಾಟಲಿ ಎತ್ತಿಟ್ಟು ಬರುವಷ್ಟರಲ್ಲಿ ಅವಳು ಎಂದಿನಂತೆ ಕುಕ್ಕೆಗೆ ಮುಖ ಹಾಕಿ, ತಲೆಯೆತ್ತಿ, ಹೂಂ ಎಂದು ತಟ್ಟೆಗಳಿಗೆ ಹರಡಿಬಿಟ್ಟಿದ್ದಳು.

ಬೆಳಗ್ಗೆ ಅವನನ್ನು ಎಬ್ಬಿಸಿದ್ದು ಮೌನ. ಹುಳುಮನೆಯ ಆ ಮಳೆಯ ಸದ್ದು ನಿಂತಿತ್ತು. ಹುಳು ತಲೆ ಎತ್ತಿ ಹಸಿರು ನೀರು ಕಕ್ಕಿ, ಕುಗ್ಗಿ, ತಟ್ಟೆ ತಟ್ಟೆಯೂ ಸತ್ತು ಬಿದ್ದಿದ್ದವು. ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳು. ದೂರದ ತಟ್ಟೆಗಳಲ್ಲಿ ಅಲ್ಲೊಂದು ಇಲ್ಲೊಂದು ಮಿಸುಕುತ್ತಿತ್ತು; ಅವರು ಕೂತಿದ್ದ ಮೂಲೆಯ ತಟ್ಟೆಗಳಲ್ಲಿ ಒಂದೂ ಉಳಿದಿರಲಿಲ್ಲ.

ಕೈವಾರದಿಂದ ಬಂದಿದ್ದ ಗಂಗುಲಮ್ಮ ಬಾಗಿಲಲ್ಲಿ ನಿಂತು ಗಾಳಿ ಎಳೆದುಕೊಂಡಳು. "ಏಮಿರಾ ಇದಿ? ಏನೋ ಇದು? ಈ ಮನೆಗೆ ಏನು ತಂದೆಯೋ ಚೆನ್ನಪ್ಪ?" ಅವನು ಹೇಳಿದ. ಅವಳು ಬುಟ್ಟಿ ತಂದು ಹುಳು ತುಂಬತೊಡಗಿದಳು.

ಆ ಸಂಜೆಯ ಸೊಪ್ಪು ಕಿತ್ತದ್ದು ವೆಂಕಟರವಣಪ್ಪನ ತೋಟದ ಅಂಚಿನಲ್ಲಿ. ಅವನನ್ನು ಕೇಳಲು ಹೋದರೆ, "ಮೈಲುತುತ್ತ ಬಿಟ್ರೆ ಈ ವಾರ ಏನೂ ಹೊಡೆದಿಲ್ಲ ಕಣಪ್ಪ," ಎಂದ. ಅವನ ಔಷಧಿ ಹೊಡೆಯುವ ಪಂಪು ಹಸಿಯಾಗಿತ್ತು. ತೊಳೆದಿಟ್ಟಿದ್ದೆ ಎಂದ.

ವರದಿಯನ್ನು ಚೆನ್ನರಾಯಪ್ಪ ಅಂದೇ ಕೊಟ್ಟ. ಜರ್ಮನಿ, ಆಸ್ಟ್ರೇಲಿಯ, ಪೋರ್ಚುಗಲ್ ಆಗಬಹುದು. ಫ್ರಾನ್ಸಿನದರ ಬಿರಡೆ ಕೆಟ್ಟಿದೆ. ಓದಿದ ದಕ್ಷಿಣಾಮೂರ್ತಿ ಬೆವರಿದರು. ಆದರೆ ಅದೇ ಪೆಟ್ಟಿಗೆಯ ಇನ್ನೊಂದು ಬಾಟಲಿಯನ್ನು ತೆರೆಸಿದ ಮಾಲೀಕರೂ ಮುಖ ಹಿಂಡಿಕೊಂಡರಂತೆ. ಇಂಥ ಮೂಗು ಇಲ್ಲೇ ಇತ್ತೇ ಎಂದರಂತೆ. ತಿಂಗಳೊಳಗೆ ಕಾಯಂ ಆದ ಕಾಗದ ಬಂತು, ಅದರ ಬೆನ್ನಿಗೇ ಇನ್ನೂ ಆರು ಬಾಟಲಿ.

ಈ ಸಲ ಹಿತ್ತಲಲ್ಲಿ, ಹುಣಸೆಮರದ ಕೆಳಗೆ ಲೋಟ ಇಟ್ಟ. ಅನಸೂಯಮ್ಮ ಒಂದು ಮೂಸಿದಳು, ಇನ್ನೊಂದು ಮೂಸಿದಳು. ಆರೂ ಮುಗಿಸಿ ಕೈ ಒರೆಸಿಕೊಂಡಳು.

"ಎಲ್ಲಾ ಒಂದೇ ವಾಸನೆ."

"ಸರಿಯಾಗಿ ನೋಡೇ."

"ನೋಡಿದೆ ಕಣ್ರೀ. ಅವತ್ತು ಸೊಪ್ಪನ್ನೂ ಹಿಂಗೇ ನೋಡಿದ್ದೆ. ಮೂಗಲ್ಲಿ ಆ ಗೋಣಿಚೀಲ ಕೂತಿತ್ತು. ಆದ್ರೂ ಹೂಂ ಅಂದೆ." ಎದ್ದು ಹೋದಳು. ಅಂದಿನಿಂದ ಕುಕ್ಕೆಯ ಸೊಪ್ಪು ನೋಡುವ ಕೆಲಸವನ್ನು ಗಂಗುಲಮ್ಮನೇ ಮಾಡುತ್ತಿದ್ದಳು, ವಯಸ್ಸಿಗೆ ಮಂಜಾದ ಕಣ್ಣಿಗೆ ಹತ್ತಿರ ಹಿಡಿದು.

ಮರುದಿನ ಚೆನ್ನರಾಯಪ್ಪ ಬಾಟಲಿಗಳನ್ನು ಮ್ಯಾನೇಜರ ಮೇಜಿನ ಮೇಲಿಟ್ಟು, "ನನ್ನ ಮೂಗು ಹೋಗೈತೆ ಸಾರ್," ಎಂದ.

"ಯಾವಾಗಿಂದ?"

"ನಾಲ್ಕು ವರ್ಷದಿಂದ."

ದಕ್ಷಿಣಾಮೂರ್ತಿ ಬಾಟಲಿಗಳನ್ನು ಒಂದೊಂದಾಗಿ ಕಪಾಟಿಗೆ ಎತ್ತಿಟ್ಟರು. ಹಾಗಾದರೆ ಮೊದಲ ಸಲ ಮೂಸಿದ್ದು ಯಾರು ಎಂದು ಕೇಳಲಿಲ್ಲ. ಕಾಯಂ ಕಾಗದ ವಾಪಸಾಯಿತು. ಅವನು ಪೀಪಾಯಿ ತೊಳೆಯುವ ಕಡೆಗೆ ಹೋದ.

ಆ ಹುಳು ಸತ್ತದ್ದು ಸೊಪ್ಪಿನ ವಿಷಕ್ಕೋ, ವೈನಿನ ಗಾಳಿಗೋ, ಈಗಲೂ ಗೊತ್ತಿಲ್ಲ. ಹುಣಸೆಮರದ ಕೆಳಗೆ ಅನಸೂಯಮ್ಮನಿಗೆ ನಿಜವಾಗಿ ವಾಸನೆ ಬರಲಿಲ್ಲವೋ, ಬಂದದ್ದನ್ನು ಹೇಳಲಿಲ್ಲವೋ, ಅದೂ ಗೊತ್ತಿಲ್ಲ. ಅವಳನ್ನು ಚೆನ್ನರಾಯಪ್ಪ ಕೇಳಲಿಲ್ಲ.